ಸಹಾಯ ಬೇಕು: 1950ರ ದಶಕದ ವೈರಿಂಗ್, ಬ್ರಿಜ್ ಟೋನ್ ಕೊನೆಯಲ್ಲಿ ಮಾತ್ರ ಕೆಲಸ ಮಾಡುತ್ತಿದೆ

ಎರಡು ಹಂಬಕರ್ ಪಿಕಪ್ (ತಂತಿಯ ಸದ್ದು ಹಿಡಿಯೋ ಭಾಗ; ಬ್ರಿಜ್ ಅಂದರೆ ತಂತಿ ಕೂರುವ ಸೇತುವೆ ಬಳಿಯದು, ನೆಕ್ ಅಂದರೆ ಕುತ್ತಿಗೆ ಬಳಿಯದು), ಎರಡು ವಾಲ್ಯೂಮ್, ಎರಡು ಟೋನ್ ಇರುವ ಲೆಸ್ ಪಾಲ್ ಮಾದರಿಯ ಗಿಟಾರ್. ಮೊದಲು ಮಾಡರ್ನ್ ವೈರಿಂಗ್ ಇತ್ತು, ಅಂದರೆ ವಾಲ್ಯೂಮ್ ಪಾಟ್‌ನಲ್ಲಿ (ಗುಂಡಿ ಕೆಳಗಿನ, ತಿರುಗಿಸಿ ಬದಲಾಯಿಸೋ ರೆಸಿಸ್ಟರ್) ಪಿಕಪ್ ವೈರ್ ಬರುವ ಕಾಲಿಗೇ ಟೋನ್ ಕೂಡ ಸೇರಿತ್ತು. ವಾಲ್ಯೂಮ್ ಸ್ವಲ್ಪ ಇಳಿಸಿದರೆ ಸಾಕು, ಟ್ರೆಬಲ್ ಹೋಗಿ ಕಂಬಳಿ ಹೊದಿಸಿದ ಹಾಗೆ ಕೇಳುತ್ತಿತ್ತು. ಅದಕ್ಕೇ ಹಳೇ ಪದ್ಧತಿಗೆ ಬದಲಾಯಿಸಿದೆ, ಟೋನ್ ಈಗ ವಾಲ್ಯೂಮ್ ಪಾಟ್‌ನ ನಡುವಿನ ಕಾಲಿಗೆ, ಔಟ್‌ಪುಟ್ ಕಡೆ ಇದೆ. ಎಲ್ಲಾ ಪಾಟ್ 500ಕೆ (ಕಿಲೋ ಓಂ), ಕೆಪ್ಯಾಸಿಟರ್ 0.022 ಮೈಕ್ರೋಫ್ಯಾರಡ್. ವಾಲ್ಯೂಮ್ ಇಳಿಸಿದರೂ ಸದ್ದು ತಿಳಿಯಾಗಿಯೇ ಇರುತ್ತೆ, ಟ್ರೆಬಲ್ ಬ್ಲೀಡ್ (ವಾಲ್ಯೂಮ್ ಇಳಿಸಿದಾಗ ಟ್ರೆಬಲ್ ಉಳಿಸೋ ಸಣ್ಣ ಸರ್ಕ್ಯೂಟ್) ಹಾಕುವ ಗೋಜೇ ಬೇಡ. ಅಷ್ಟು ಮಟ್ಟಿಗೆ ಖುಷಿ.

ತೊಂದರೆ ಇರೋದು ಬ್ರಿಜ್ ಟೋನ್‌ನಲ್ಲಿ. 10ರಿಂದ 3ರವರೆಗೆ ತಿರುಗಿಸಿದರೂ ಏನೂ ಗೊತ್ತಾಗಲ್ಲ, ಆಮೇಲೆ ಒಂದೇ ಸಲ ಮಬ್ಬು. ನೆಕ್ ಟೋನ್ ಮಾತ್ರ ಮೆಲ್ಲಗೆ, ಚೆನ್ನಾಗಿ ಇಳಿಯುತ್ತೆ. ಬ್ರಿಜ್ ಪಾಟ್ ಬಿಚ್ಚಿ, ಅರ್ಧಕ್ಕೆ ತಿರುಗಿಸಿ ಮೀಟರ್ ಹಿಡಿದರೆ ಎರಡೂ ಕಡೆ ಸುಮಾರು 250ಕೆ ತೋರಿಸುತ್ತೆ. ಇದು ಲೀನಿಯರ್ ಪಾಟ್ (ತಿರುಗಿಸಿದಷ್ಟೇ ಸಮನಾಗಿ ರೆಸಿಸ್ಟೆನ್ಸ್ ಬದಲಾಗೋದು) ಅಲ್ವಾ?

ಆಡಿಯೋ ಟೇಪರ್ ಪಾಟ್ (ಕಿವಿಗೆ ಮೆಲ್ಲಗೆ ಬದಲಾದ ಹಾಗೆ ಕೇಳೋದು) ಹಾಕಿದರೆ ಸಾಕಾ, ಅಥವಾ ಕೆಪ್ಯಾಸಿಟರ್ ಕೂಡ 0.015ಕ್ಕೆ ಇಳಿಸಬೇಕಾ? ಟೋನ್ ಪೂರ್ತಿ ಇಳಿಸಿದಾಗ ವಾಲ್ಯೂಮ್ ಕೂಡ ಸ್ವಲ್ಪ ಬೀಳುತ್ತೆ, ಅದು ಈ ವೈರಿಂಗ್‌ನ ಗುಣ ಅಂತ ಗೊತ್ತು, ಅದನ್ನು ಸರಿಮಾಡೋದು ಬೇಡ. ದುಬಾರಿ ಹಳೇ ಆಯಿಲ್ ಕೆಪ್ಯಾಸಿಟರ್ ತಗೊಳ್ಳಿ ಅನ್ನೋ ಸಲಹೆಯೂ ಸದ್ಯಕ್ಕೆ ಬೇಡ. ಇದೇ ವೈರಿಂಗ್ ಮಾಡಿಕೊಂಡವರು ಬ್ರಿಜ್‌ಗೆ ಏನು ಹಾಕಿದ್ದೀರಿ ಹೇಳಿ.