ನಮ್ಮೂರ ಶಾಲೆಯ ಮಕ್ಕಳ ಓದು, ಲೆಕ್ಕ ಅಳೆಯುವುದು ಹೇಗೆ? ಬಲ್ಲವರು ತಿಳಿಸಿ

ಪ್ರಶ್ನೆ (ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸದಸ್ಯರು):
ನಮ್ಮ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ 3, 4, 5ನೇ ತರಗತಿ ಸೇರಿ 60 ಮಕ್ಕಳಿದ್ದಾರೆ. ಪ್ರಗತಿಪತ್ರದಲ್ಲಿ ಹೆಚ್ಚಿನವರಿಗೆ ಒಳ್ಳೆಯ ಶ್ರೇಣಿಯೇ ಇದೆ. ಪುಸ್ತಕ ಕೈಗೆ ಕೊಟ್ಟರೆ ಮಾತ್ರ ಅರ್ಧಕ್ಕರ್ಧ ಮಕ್ಕಳು ತಡವರಿಸುತ್ತಾರೆ. ಊರಿನ ಮೂವರು ಪದವೀಧರರು ದಿನಕ್ಕೆ ಒಂದು ಗಂಟೆ, ಮೂರು ತಿಂಗಳು ಪಾಠ ಮಾಡಲು ಒಪ್ಪಿದ್ದಾರೆ. ಶುರುವಿನಲ್ಲಿ ಒಮ್ಮೆ, ಮುಗಿದ ಮೇಲೆ ಒಮ್ಮೆ ಮಕ್ಕಳ ಕಲಿಕೆ ಅಳೆಯಬೇಕು. ಪ್ರಶ್ನೆಪತ್ರಿಕೆ ಹೇಗಿರಬೇಕು? ಎಲ್ಲಿ ಎಡವುತ್ತೇವೆ?

ಉತ್ತರ 1 (ಓದಿನ ಪರೀಕ್ಷೆ ತಯಾರಿಸುವವರು):
ಪ್ರಶ್ನೆಪತ್ರಿಕೆ ಬೇಡ. ಓದಲು ಬಾರದ ಮಗುವಿನ ಮುಂದೆ ಬರಹದ ಪತ್ರಿಕೆ ಇಟ್ಟರೆ ಅದು ಪಕ್ಕದವರದನ್ನು ನೋಡುತ್ತದೆ, ಇಲ್ಲವೇ ಗುರುತು ಹಾಕಿ ಕೂರುತ್ತದೆ. ನಾಲ್ಕು ಆಯ್ಕೆಯ 20 ಪ್ರಶ್ನೆಗಳಲ್ಲಿ ಏನೂ ಓದದೆ ಗುರುತು ಹಾಕಿದರೂ ಸರಾಸರಿ 5 ಸರಿಯಾಗುತ್ತವೆ. ಒಂದೊಂದೇ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಬಾಯಲ್ಲಿ ಓದಿಸಿ. 2005ರಿಂದ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ಮಕ್ಕಳ ಕಲಿಕೆ ಅಳೆಯುತ್ತಿರುವ 'ಅಸರ್' ಸಮೀಕ್ಷೆಯ ಕ್ರಮ ಇದೇ: ಅಕ್ಷರ, ಪದ, 1ನೇ ತರಗತಿ ಮಟ್ಟದ ನಾಲ್ಕು ಸಾಲು, 2ನೇ ತರಗತಿ ಮಟ್ಟದ ಸಣ್ಣ ಕಥೆ. ನಾಲ್ಕು ಸಾಲಿನಿಂದ ಶುರು ಮಾಡಿ. ಮೂರಕ್ಕಿಂತ ಹೆಚ್ಚು ತಪ್ಪಿಲ್ಲದೆ, ಪದ ಪದ ಕಡಿಯದೆ ವಾಕ್ಯವಾಗಿ ಓದಿದರೆ ಕಥೆಗೆ ಹೋಗಿ. ಆಗದಿದ್ದರೆ ಪದಕ್ಕೆ ಇಳಿಯಿರಿ, ಐದರಲ್ಲಿ ನಾಲ್ಕು ಸರಿ ಇರಬೇಕು. ಅದೂ ಆಗದಿದ್ದರೆ ಅಕ್ಷರ, ಅಲ್ಲಿಯೂ ಐದಕ್ಕೆ ನಾಲ್ಕು. ಮಗು ಸರಾಗವಾಗಿ ಮುಟ್ಟಿದ ಅತಿ ಮೇಲಿನ ಮೆಟ್ಟಿಲನ್ನು ಬರೆದುಕೊಳ್ಳಿ.

ಕನ್ನಡಕ್ಕೆ ಇಷ್ಟು ಸಾಲದು. ಅಕ್ಷರಕ್ಕೂ ಪದಕ್ಕೂ ನಡುವೆ ದೊಡ್ಡ ಹಳ್ಳವಿದೆ, ಹೆಚ್ಚಿನ ಮಕ್ಕಳು ಸಿಕ್ಕಿಕೊಳ್ಳುವುದು ಅಲ್ಲೇ. ಕನ್ನಡ ಮಕ್ಕಳ ಓದಿನ ಬಗ್ಗೆ ಸೋನಾಲಿ ನಾಗ್ ಅವರು ನಡೆಸಿದ ಅಧ್ಯಯನಗಳೂ ಇದನ್ನೇ ತೋರಿಸಿವೆ: ಅಕ್ಷರಗಳ ಪೂರ್ತಿ ಹಿಡಿತ ಒಂದೆರಡು ವರ್ಷಕ್ಕೆ ಮುಗಿಯುವುದಿಲ್ಲ, ಮೇಲಿನ ತರಗತಿಗಳಿಗೂ ಸಾಗುತ್ತದೆ. ಆದ್ದರಿಂದ ನಡುವೆ ಎರಡು ಕಾರ್ಡು ಸೇರಿಸಿ.

ಒಂದು ಕಾಗುಣಿತದ್ದು: ಮೀ, ಕೇ, ದು, ತೊ, ಲಿ ಹೀಗೆ ಹತ್ತು. ಕೆ-ಕೇ, ಕೊ-ಕೋ ಹ್ರಸ್ವ ದೀರ್ಘ ಜೋಡಿಗಳನ್ನು ಬೇಕೆಂದೇ ಹಾಕಿ. ಇನ್ನೊಂದು ಒತ್ತಕ್ಷರದ ಪದಗಳದ್ದು, ಅದರಲ್ಲೂ ಎರಡು ಬಗೆ. ಅಜ್ಜಿ, ಬೆಕ್ಕು, ಹಳ್ಳಿ ಇವು ಸಜಾತೀಯ, ಬೇಗ ಬರುತ್ತವೆ. ಪುಸ್ತಕ, ರಾತ್ರಿ, ಶಕ್ತಿ ತಡವಾಗಿ. ಎಲ್ಲಕ್ಕಿಂತ ತಡ ಅರ್ಕಾವೊತ್ತು: 'ಸೂರ್ಯ'ದಲ್ಲಿ ರ ಶಬ್ದ ಮೊದಲು ಬರುತ್ತದೆ, ಗುರುತು ಮಾತ್ರ ಕೊನೆಗೆ, ಹಾಗಾಗಿ ಕಣ್ಣು ಸಾಗುವ ದಾರಿ ತಪ್ಪುತ್ತದೆ. ಯಾವ ಬಗೆಯಲ್ಲಿ ತಪ್ಪಿತು ಎಂದು ಪಕ್ಕದಲ್ಲಿ ಗುರುತಿಟ್ಟರೆ ಮಾರನೆಯ ದಿನದ ಪಾಠ ಅಲ್ಲೇ ಸಿಗುತ್ತದೆ.

ಅಕ್ಷರದ ಕಾರ್ಡಿನಲ್ಲಿ ರ ಗ ಸ ದ ಅ, ಜ ವ ಮ ಬ ನ ಎಂಬ ಪಾಠದ ಕ್ರಮ ಬೇಡ. ಆ ಸಾಲು ಬಾಯಿಪಾಠ, ಮಗು ನೋಡದೆಯೇ ಹೇಳಿಬಿಡುತ್ತದೆ. ಚೆಲ್ಲಾಪಿಲ್ಲಿ ಮಾಡಿ, ಮ-ಯ, ಪ-ಷ, ಬ-ಭದಂಥವನ್ನು ದೂರ ದೂರ ಇಡಿ. ಅಕ್ಷರ ದಪ್ಪವಿರಲಿ, 22 ಪಾಯಿಂಟ್‌ಗಿಂತ ಕಡಿಮೆಯಾದರೆ ಜೆರಾಕ್ಸಿನಲ್ಲಿ ಒತ್ತು ಕಲಸಿಹೋಗುತ್ತದೆ. ಕಾರ್ಡನ್ನು ಮೂಗಿನ ಹತ್ತಿರ ಹಿಡಿಯುವ ಮಗುವಿನ ಹೆಸರು ಬೇರೆ ಬರೆದಿಡಿ, ಅದಕ್ಕೆ ಮೊದಲು ಬೇಕಾದ್ದು ಕಣ್ಣಿನ ತಪಾಸಣೆ.

ಆಡುಮಾತಿನ ಉಚ್ಚಾರ ತಪ್ಪಲ್ಲ. 'ಹಾಲು' ಅನ್ನು 'ಆಲು' ಎಂದು ಓದಿದರೆ ಅದು ಊರಿನ ಮಾತು. 'ಹಾಲು' ಅನ್ನು 'ಹಲು' ಎಂದರೆ ತಪ್ಪು. ಲಂಬಾಣಿ, ಉರ್ದು, ತೆಲುಗು, ಮರಾಠಿ ಮನೆಮಾತಿನ ಮಕ್ಕಳಿಗೆ ಏನು ಮಾಡಬೇಕೆಂಬ ಸೂಚನೆಯನ್ನು ಅವರ ಭಾಷೆಯಲ್ಲೇ ಹೇಳಿ. ಓದುವುದು ಮಾತ್ರ ಕನ್ನಡದಲ್ಲಿ.

ಉತ್ತರ 2 (ಗಣಿತ ಕಲಿಕೆಯಲ್ಲಿ ಕೆಲಸ ಮಾಡುವವರು):
ಲೆಕ್ಕಕ್ಕೂ ಅದೇ ಏಣಿ: 1ರಿಂದ 9 ಗುರುತಿಸುವುದು, ಎರಡಂಕಿ ಗುರುತಿಸುವುದು, ದಶಕ ಬಿಡಿಸಿ ಕಳೆಯುವುದು, ಮೂರಂಕಿಯನ್ನು ಒಂದಂಕಿಯಿಂದ ಭಾಗಿಸುವುದು. ಕಳೆಯುವ ಲೆಕ್ಕದಿಂದ ಶುರು ಮಾಡಿ, ಎರಡು ಕೊಟ್ಟು ಎರಡೂ ಸರಿಯಾದರೆ ಭಾಗಾಕಾರಕ್ಕೆ ಹೋಗಿ.

ಸರಿ-ತಪ್ಪು ಹಾಕಿ ಬಿಡಬೇಡಿ, ಮಗು ಬರೆದ ಉತ್ತರವನ್ನೇ ಉಳಿಸಿಕೊಳ್ಳಿ. 52ರಲ್ಲಿ 37 ಕಳೆದು 25 ಎಂದು ಬರೆದ ಮಗು ಪ್ರತಿ ಸ್ಥಾನದಲ್ಲೂ ದೊಡ್ಡದರಿಂದ ಚಿಕ್ಕದನ್ನು ಕಳೆದಿದೆ. 40ರಲ್ಲಿ 18 ಕಳೆದು 38 ಎಂದರೂ ಅದೇ ರೋಗ. 824ನ್ನು 4ರಿಂದ ಭಾಗಿಸಿ 26 ಎಂದರೆ ಭಾಗಾಕಾರ ಗೊತ್ತು, ಸ್ಥಾನ ಹಿಡಿಯುವ ಸೊನ್ನೆ ಗೊತ್ತಿಲ್ಲ. ಮೊದಲಿನವರಿಗೆ ಹತ್ತರ ಕಡ್ಡಿ ಕಟ್ಟು ಬಿಚ್ಚಿಸಬೇಕು, ಮತ್ತೆ ಹತ್ತು ಲೆಕ್ಕ ಬರೆಸಿ ಉಪಯೋಗವಿಲ್ಲ.

ಓದಿಗೆ ಒಂದು ನಿಮಿಷದಲ್ಲಿ ಎಷ್ಟು ಪದ ಎಂದೂ ಎಣಿಸಿದರೆ ವೇಗವೂ ತಿಳಿಯುತ್ತದಲ್ಲವೇ?

ಉತ್ತರ 1 ಬರೆದವರು:
ಎಣಿಸಬಹುದು, ಆದರೆ ಇಂಗ್ಲಿಷಿನ ಪದಗಳ ಲೆಕ್ಕ ಇಲ್ಲಿಗೆ ಹೊಂದುವುದಿಲ್ಲ. 'ಮನೆಯಲ್ಲಿದ್ದವರಿಗೆಲ್ಲ' ಎಂಬುದು ನಮ್ಮಲ್ಲಿ ಒಂದೇ ಪದ. ಎಣಿಸುವುದಾದರೆ ಸರಿಯಾಗಿ ಓದಿದ ಅಕ್ಷರ ಎಣಿಸಿ. ಎರಡೂ ಸಲ ಒಂದೇ ಮಟ್ಟದ ಪಠ್ಯವಿರಲಿ. ಗಡಿಯಾರವನ್ನು ಮಗುವಿಗೆ ತೋರಿಸಬೇಡಿ, ಓಡಿ ಓದಲು ಹೋಗಿ ಅರ್ಥ ಬಿಟ್ಟುಬಿಡುತ್ತದೆ.

ಉತ್ತರ 3 (ಸಮೀಕ್ಷೆ, ಅಂಕಿಅಂಶ ನೋಡುವವರು):
ಮೊದಲು ಸಮಯದ ಲೆಕ್ಕ. ಒಂದು ಮಗುವಿಗೆ ಓದು, ಗಣಿತ ಸೇರಿ 12 ನಿಮಿಷವೆಂದರೂ 60 ಮಕ್ಕಳಿಗೆ 12 ಗಂಟೆ. ಮೂವರು ಕೂತರೆ ತಲಾ ನಾಲ್ಕು ಗಂಟೆ, ಎರಡು ಬೆಳಗಿನ ಕೆಲಸ. ಅದಕ್ಕೆ ಮುಂಚೆ ಮೂವರೂ ಒಟ್ಟಿಗೆ ಕೂತು ಹತ್ತು ಮಕ್ಕಳ ಓದು ಕೇಳಿ, ಬೇರೆ ಬೇರೆಯಾಗಿ ಮಟ್ಟ ಬರೆದು ಹೋಲಿಸಿ. ಹತ್ತರಲ್ಲಿ ಒಂಬತ್ತಾದರೂ ಕೂಡಬೇಕು. ಇಲ್ಲದಿದ್ದರೆ ಮೂರು ತಿಂಗಳ ಮೇಲೆ ಕಾಣುವುದು ಕೇಳಿದವರ ವ್ಯತ್ಯಾಸ, ಮಕ್ಕಳದ್ದಲ್ಲ. ಕಾರ್ಡು ಮೂರು ನಾಲ್ಕು ಬಗೆ ಇರಲಿ. ಒಂದೇ ಇದ್ದರೆ ಹೊರಗೆ ಸಾಲಿನಲ್ಲಿ ನಿಂತ ಮಕ್ಕಳಿಗೆ ಕಥೆ ಕಿವಿಗೆ ಬಿದ್ದಿರುತ್ತದೆ.

ಅತಿ ದೊಡ್ಡ ಮೋಸ ಗೈರುಹಾಜರಿಯಲ್ಲಿ. ಉದಾಹರಣೆಗೆ, ಜುಲೈಯಲ್ಲಿ 50 ಮಕ್ಕಳನ್ನು ನೋಡಿದಿರಿ, 20 ಮಕ್ಕಳು ಕಥೆ ಓದಿದರು, ಅಂದರೆ ಶೇ. 40. ಅಕ್ಟೋಬರಿನಲ್ಲಿ ಬಂದವರು 40, ಓದಿದವರು ಅದೇ 20, ಈಗ ಶೇ. 50. ಒಂದು ಮಗುವೂ ಹೊಸದಾಗಿ ಕಲಿತಿಲ್ಲ, ಹಿಂದುಳಿದವರು ಆ ದಿನ ಬಂದಿಲ್ಲ ಅಷ್ಟೆ. ಬಾರದವರ ಮನೆಗೆ ಒಂದು ವಾರದೊಳಗೆ ಹೋಗಿ ಕೇಳಿ. ಎರಡೂ ಸಲ ಸಿಕ್ಕ ಮಕ್ಕಳನ್ನು ಮಾತ್ರ ಹೋಲಿಸಿ.

ಇಷ್ಟು ಚಿಕ್ಕ ಗುಂಪಿಗೆ ಶೇಕಡಾವಾರಿಗಿಂತ ಚಲನೆಯ ಕೋಷ್ಟಕ ಒಳ್ಳೆಯದು: ಎಡಕ್ಕೆ ಮೊದಲ ಮಟ್ಟ, ಮೇಲೆ ಕೊನೆಯ ಮಟ್ಟ, ಚೌಕಗಳಲ್ಲಿ ಮಕ್ಕಳ ಸಂಖ್ಯೆ. ಅಕ್ಷರದಲ್ಲಿದ್ದ 14 ಮಕ್ಕಳಲ್ಲಿ ಎಷ್ಟು ಜನ ಪದಕ್ಕೆ ಬಂದರು, ಎಷ್ಟು ಜನ ಅಲ್ಲೇ ಇದ್ದಾರೆ ಎಂದು ಒಂದೇ ನೋಟಕ್ಕೆ ಕಾಣುತ್ತದೆ. ಅಲ್ಲೇ ಉಳಿದವರ ಚೌಕವನ್ನೇ ಮೊದಲು ನೋಡಿ.

ಪಾಠದಿಂದಲೇ ಆಯಿತೇ, ವಯಸ್ಸಿನೊಂದಿಗೆ ಹೇಗೂ ಬರುತ್ತಿತ್ತೇ ಎಂಬುದಕ್ಕೆ ಹೋಲಿಕೆ ಬೇಕು. ಕಲಿಸುವವರು ಮೂವರೇ ಇರುವುದರಿಂದ ಚೀಟಿ ಎತ್ತಿ 30 ಮಕ್ಕಳನ್ನು ಜುಲೈಗೆ, ಉಳಿದ 30 ಮಕ್ಕಳನ್ನು ಅಕ್ಟೋಬರಿಗೆ ಸೇರಿಸಿ. ಎರಡನೇ ಗುಂಪೇ ಮೊದಲನೆಯದಕ್ಕೆ ಕನ್ನಡಿ. ತೀರಾ ಹಿಂದುಳಿದವರನ್ನೇ ಆರಿಸಿದರೆ ಅವರಲ್ಲಿ ಕೆಲವರು ಅಂದು ಹೆದರಿಯೋ ಹಸಿದೋ ಕೆಳಗಿದ್ದವರು, ಪಾಠವಿಲ್ಲದೆಯೂ ಮುಂದಿನ ಸಲ ಮೇಲೆ ಬರುತ್ತಾರೆ.

ಫಲಿತಾಂಶವನ್ನು ಕೇಂದ್ರ ಸರ್ಕಾರ ಡಿಸೆಂಬರ್ 2024ರಲ್ಲಿ ದೇಶದಾದ್ಯಂತ ನಡೆಸಿದ 'ಪರಖ್' ಸರ್ವೇಕ್ಷಣೆಗೆ ಹೋಲಿಸಬೇಡಿ. ಅದು 3, 6, 9ನೇ ತರಗತಿಯವರಿಗೆ ಶಾಲೆಯಲ್ಲಿ ನಡೆದ ಬೇರೆ ಬಗೆಯ ಪರೀಕ್ಷೆ. ಗ್ರಾಮೀಣ ಭಾರತದ ಸರ್ಕಾರಿ ಶಾಲೆಗಳ 3ನೇ ತರಗತಿಯಲ್ಲಿ 2ನೇ ತರಗತಿಯ ಪಠ್ಯ ಓದಬಲ್ಲವರು 2022ರಲ್ಲಿ ಶೇ. 16.3, 2024ರಲ್ಲಿ ಶೇ. 23.4 ಎಂದು ಅಸರ್ ಹೇಳಿದೆ. ಅಂದಾಜಿಗೆ ಅದು ಸಾಕು. ಆದರೆ ಅಸರ್ ಒಂದೊಂದು ಊರಿನ ಶಾಲೆಗೆ ದರ್ಜೆ ಕೊಡಲು ಮಾಡಿದ್ದಲ್ಲ.

ಪ್ರಶ್ನೆ ಕೇಳಿದವರು:
ತುಂಬಾ ಉಪಕಾರವಾಯಿತು. ಎರಡು ಅಳುಕು ಉಳಿದಿವೆ. ತಮ್ಮ ಮೇಲೆ ತನಿಖೆ ಎಂದು ಮೇಷ್ಟ್ರು ಬೇಸರ ಪಟ್ಟರೆ? 5ನೇ ತರಗತಿಯವರನ್ನು 3ನೆಯವರ ಜೊತೆ ಕೂರಿಸಬಹುದೇ?

ಉತ್ತರ 4 (ಕ್ಲಸ್ಟರ್ ಮಟ್ಟದಲ್ಲಿ ತರಬೇತಿ ಕೊಡುವವರು):
ಮುಖ್ಯ ಶಿಕ್ಷಕರನ್ನು ಮೊದಲ ದಿನವೇ ಜೊತೆಗೆ ಕೂರಿಸಿಕೊಳ್ಳಿ, ಎಸ್‌ಡಿಎಂಸಿ ಸಭೆಯಲ್ಲಿ ಠರಾವು ಬರೆಸಿ, ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿಗೆ ಒಂದು ಪತ್ರ ಕೊಡಿ. ಮಕ್ಕಳ ಹೆಸರಿರುವ ಹಾಳೆ ಶಾಲೆಯಲ್ಲೇ ಇರಲಿ. ಆಧಾರ್ ಸಂಖ್ಯೆ, ಜಾತಿ ಇದಕ್ಕೆ ಬೇಕಿಲ್ಲ. ಗೋಡೆಗೂ ವಾಟ್ಸಾಪಿಗೂ ಹಾಕುವುದು ಒಟ್ಟು ಸಂಖ್ಯೆ ಮಾತ್ರ. 'ಪದ ಮಟ್ಟದ ಮಗು' ಎಂಬ ಹಣೆಪಟ್ಟಿ ಆ ಮಗುವಿನ ಕಿವಿಗೆ ಬೀಳಬಾರದು. ಇದನ್ನು ದಯವಿಟ್ಟು ಕಟ್ಟುನಿಟ್ಟಾಗಿ ಪಾಲಿಸಿ.

ಒಟ್ಟಿಗೆ ಕೂರಿಸಬಹುದು, ಕೂರಿಸಲೇಬೇಕು. ತರಗತಿ ನೋಡದೆ ಮಟ್ಟ ನೋಡಿ ಗುಂಪು ಮಾಡುವುದೇ ಇಲ್ಲಿ ಕೆಲಸ ಮಾಡುವ ಔಷಧ. ನಲಿಕಲಿಯಲ್ಲಿ (1ರಿಂದ 3ನೇ ತರಗತಿಯವರು ಒಟ್ಟಿಗೆ ಕಲಿಯುವ ಕ್ರಮ) ಕಲಿತ ಮಕ್ಕಳಿಗೆ ಬೇರೆ ತರಗತಿಯವರ ಜೊತೆ 'ತಟ್ಟೆ'ಯಲ್ಲಿ, ಅಂದರೆ ಕಲಿಕೆಯ ಗುಂಪಿನಲ್ಲಿ, ಕೂರುವುದು ಹೊಸದೂ ಅಲ್ಲ. ಹರಿಯಾಣದಲ್ಲಿ 2012-13ರಲ್ಲಿ ಸರ್ಕಾರಿ ಶಿಕ್ಷಕರೇ ದಿನಕ್ಕೆ ಒಂದು ಗಂಟೆ ಇದಕ್ಕೆಂದೇ ಮೀಸಲಿಟ್ಟಾಗ ಭಾಷೆಯಲ್ಲಿ ಮಕ್ಕಳು ಮೇಲೆ ಬಂದರು, ಗಣಿತದಲ್ಲಿ ಏರಿಕೆ ಕಾಣಲಿಲ್ಲ. ಆದ್ದರಿಂದ ಗಣಿತವನ್ನು ಓದಿನ ಬಾಲವಾಗಿ ಕಟ್ಟಬೇಡಿ, ಬೇರೆ ಸಮಯ ಕೊಡಿ. ಅಕ್ಷರ, ಕಾಗುಣಿತದ ಗುಂಪು ಹತ್ತು ಮಕ್ಕಳಿಗಿಂತ ದೊಡ್ಡದಾಗಬಾರದು, ನಿಮ್ಮ ಮೂವರಲ್ಲಿ ಚೆನ್ನಾಗಿ ಕಲಿಸುವವರನ್ನು ಅಲ್ಲಿಗೇ ಹಾಕಿ. ಕಥೆ ಮಟ್ಟದವರು ಗ್ರಂಥಾಲಯದ ಪುಸ್ತಕ ಹಿಡಿದು ತಾವೇ ಓದಿಕೊಂಡಾರು, ಕೊನೆಗೆ ಮೂರು ಪ್ರಶ್ನೆ ಕೇಳಿದರೆ ಸಾಕು.

ಮೂರು ತಿಂಗಳು ಕಾಯದೆ ಪ್ರತಿ ಮೂರನೇ ವಾರ ಐದು ನಿಮಿಷದ ಓದು ಕೇಳಿ, ಮೇಲೆ ಬಂದವರನ್ನು ಅಂದೇ ಮುಂದಿನ ಗುಂಪಿಗೆ ಕಳಿಸಿ. ಸುಗ್ಗಿ, ಜಾತ್ರೆ, ದಸರಾ ರಜೆಯ ವಾರಗಳನ್ನು ಬಿಟ್ಟು ದಿನಗಳನ್ನು ಎಣಿಸಿ: ಮೂರು ತಿಂಗಳೆಂದರೂ ಕೈಗೆ ಸಿಗುವುದು 55ರಿಂದ 60 ತರಗತಿ.