ಎಲ್ತಮ್ ಅರಮನೆಯ ಗ್ರೇಟ್ ಹಾಲ್: ಕೊಟ್ಟಿಗೆ ಆಗಿದ್ದರಿಂದ ಉಳಿಯಿತೋ, ಹಾಳಾಯಿತೋ?

ಹಳೇ ಇಟ್ಟಿಗೆ:
ಲಂಡನ್ನಿನ ಆಗ್ನೇಯದಲ್ಲಿರುವ ಎಲ್ತಮ್ ಅರಮನೆ ಬಗ್ಗೆ ಯಾರೇ ಬರೆದರೂ ಒಂದೇ ರಾಗ. "ಅಯ್ಯೋ, ರಾಜರು ಊಟಕ್ಕೆ ಕೂರುತ್ತಿದ್ದ ಗ್ರೇಟ್ ಹಾಲ್‌ನಲ್ಲಿ ಹುಲ್ಲು ತುಂಬಿದರು!" ನನ್ನ ವಾದ ಉಲ್ಟಾ. ಹುಲ್ಲು, ಕಾಳು ತುಂಬಿದ್ದಕ್ಕೇ ಅದು ಉಳಿಯಿತು. ನಾಲ್ಕನೇ ಎಡ್ವರ್ಡ್ 1470ರ ದಶಕದಲ್ಲಿ ಕಟ್ಟಿಸಲು ಶುರು ಮಾಡಿದ್ದು. ಸುಮಾರು 101 ಅಡಿ ಉದ್ದ, 36 ಅಡಿ ಅಗಲ. 1482ರ ಕ್ರಿಸ್‌ಮಸ್‌ಗೆ ಅರಮನೆಯಲ್ಲಿ 2000 ಜನಕ್ಕೆ ಊಟ ಹಾಕಿಸಿದನಂತೆ. ಆಮೇಲೆ ಪಾರ್ಲಿಮೆಂಟಿನ ಜೊತೆಗಿನ ಯುದ್ಧದಲ್ಲಿ ಸೋತು ರಾಜನ ತಲೆ ಹೋಯಿತು (ಮೊದಲನೇ ಚಾರ್ಲ್ಸ್, 1649), ಅರಮನೆ ಮಾರಾಟವಾಯಿತು. ರಾಜ-ರಾಣಿಯರ ಕೋಣೆಗಳು, ಚಾಪೆಲ್ ಎಲ್ಲ ಕೆಡವಿ ಸಾಮಾನು ಮಾರಿಕೊಂಡರು. ಸುಮಾರು 200 ವರ್ಷ ಕೊಟ್ಟಿಗೆಯಾಗಿ ಕೆಲಸಕ್ಕೆ ಬಂದಿದ್ದು ಈ ಹಾಲ್. ಇವತ್ತು ಇಂಗ್ಲೆಂಡಿನ ಮೂರನೇ ಅತಿ ದೊಡ್ಡ ಹ್ಯಾಮರ್‌ಬೀಮ್ ಚಾವಣಿ (ಗೋಡೆಯಿಂದ ಒಳಕ್ಕೆ ಚಾಚಿದ ಮೊಟಕು ತೊಲೆಗಳಿರುವ ಮರದ ಚಾವಣಿ) ಅಲ್ಲಿ ತಲೆ ಮೇಲಿದೆ ಅಂದರೆ ಆ ರೈತರಿಗೆ ಥ್ಯಾಂಕ್ಸ್ ಹೇಳಬೇಕು.

ಮೇಷ್ಟ್ರು:
"ಥ್ಯಾಂಕ್ಸ್ ಹೇಳಬೇಕು" ಅಂತೆ! ಕಿಟಕಿಗಳಿಗೆ ಇಟ್ಟಿಗೆ ಕಟ್ಟಿ ಮುಚ್ಚಿದವರಿಗಾ? ಜಾನ್ ಈವ್ಲಿನ್ 1656ರಲ್ಲಿ ಹೋಗಿ ನೋಡಿ ಡೈರಿಯಲ್ಲಿ ಬರೆದಿದ್ದಾನೆ. ಅರಮನೆ, ಚಾಪೆಲ್ ಎರಡೂ ಹೀನಾಯ ಸ್ಥಿತಿಯಲ್ಲಿವೆ, ಕಾಡನ್ನು ಬಂಡುಕೋರ ರಿಚ್ ನಾಶ ಮಾಡಿದ್ದಾನೆ ಅಂತ. ಕರ್ನಲ್ ನಥಾನಿಯಲ್ ರಿಚ್ ಅಂದರೆ ಅರಮನೆ ಕೊಂಡವನು. ಹಾಲ್‌ನ ಚಾವಣಿಯ ಸೀಸದ ಹೊದಿಕೆಯನ್ನೇ ಕಿತ್ತವನು. ಇದನ್ನು ಉಳಿಸೋದು ಅಂತಾರಾ?

ಹಳೇ ಇಟ್ಟಿಗೆ:
ಈವ್ಲಿನ್ ರಾಜನ ಪಕ್ಷದವನು ಸರ್. ರಿಚ್ ಪಾರ್ಲಿಮೆಂಟಿನ ಕಡೆಯ ಸೇನಾಧಿಕಾರಿ. ಈವ್ಲಿನ್ ಅವನನ್ನು ಹೊಗಳಿದ್ದರೆ ಅದು ಸುದ್ದಿ.

ಮೇಷ್ಟ್ರು:
ಪಕ್ಷ ಯಾವುದಾದರೂ ಇರಲಿ, ಸೀಸ ಹೋಗಿದ್ದು ಹೋಗಿದ್ದೇ ಅಲ್ವಾ?

ಕಣದ ಹುಡುಗ:
ಮೇಷ್ಟ್ರೇ, ಅಲ್ಲೇ ಇರೋದು ವಿಷಯ. ಸೀಸ ಕಿತ್ತ ಮೇಲೆ ಹಾಗೇ ಬಿಟ್ಟಿದ್ದರೆ ಓಕ್ ಮರ ಎಷ್ಟು ಮಳೆಗಾಲ ತಡೆಯುತ್ತಿತ್ತು? ಮೇಲೆ ಯಾರೋ ಏನೋ ಹೊದಿಸಿದ್ದಾರೆ. ನಮ್ಮದು ಬೇಸಾಯದ ಮನೆ. ಕಾಳು ನೆಂದರೆ ಮೊಳಕೆ ಬರುತ್ತದೆ, ಹುಲ್ಲು ನೆಂದರೆ ಬೂಷ್ಟು ಹಿಡಿಯುತ್ತದೆ. ಒಳಗೆ ಬೆಳೆ ಇಟ್ಟವನು ಸೋರುವ ಚಾವಣಿಯನ್ನು ನೋಡಿಕೊಂಡು ಸುಮ್ನೆ ಕೂರಲ್ಲ. ಇನ್ನೊಂದು ಮಾತು. ಆ ಹಾಲ್‌ನ ಪೂರ್ವದ ತುದಿಯಲ್ಲಿ ಎದುರುಬದುರು ಎರಡು ಬಾಗಿಲಿವೆ. ರಾಜರ ಕಾಲದಲ್ಲಿ ಅಡುಗೆಮನೆಯಿಂದ ಊಟ ಬರುತ್ತಿದ್ದ ಕಡೆ. ಇಂಗ್ಲಿಷ್ ಬಾರ್ನ್‌ಗಳಲ್ಲೂ (ಹುಲ್ಲು-ಕಾಳು ಇಡುವ ಕೊಟ್ಟಿಗೆ) ಹೀಗೇ ಎದುರುಬದುರು ಬಾಗಿಲು ಇಡುತ್ತಾರೆ. ಎರಡೂ ತೆಗೆದರೆ ಗಾಳಿ ಹಾಯುತ್ತದೆ, ಕಾಳು ತೂರಲು ಅನುಕೂಲ. ಕೊಟ್ಟಿಗೆಗೆ ಹೇಳಿ ಮಾಡಿಸಿದ ಕಟ್ಟಡ ಅದು.

ತೊಲೆ-ಜಂತಿ:
ಮೊದಲನೇ ಪೋಸ್ಟಿನಲ್ಲಿ "ಮೂರನೇ ಅತಿ ದೊಡ್ಡ ಹ್ಯಾಮರ್‌ಬೀಮ್ ಚಾವಣಿ" ಅಂತ ಓದಿದೆ. ಎರಡು ತಪ್ಪು. ಒಂದು, ಅದು ನಿಜವಾದ ಹ್ಯಾಮರ್‌ಬೀಮ್ ಅಲ್ಲ. ಎರಡು, ಮೂರನೆಯದೂ ಅಲ್ಲ. ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಹಾಲ್ ಸುಮಾರು 240 ಅಡಿ ಉದ್ದ. ಆಕ್ಸ್‌ಫರ್ಡಿನ ಕ್ರೈಸ್ಟ್ ಚರ್ಚ್ ಕಾಲೇಜಿನ ಹಾಲ್ 115 ಅಡಿ ಹತ್ತಿರ. ಹ್ಯಾಂಪ್ಟನ್ ಕೋರ್ಟ್ ಅರಮನೆಯದು 106. ಈಗ ಎಣಿಸಿ ನೋಡಿ.

ಹಳೇ ಇಟ್ಟಿಗೆ:
"ನಿಜವಾದ ಹ್ಯಾಮರ್‌ಬೀಮ್ ಅಲ್ಲ" ಅಂದರೆ ಏನು, ಡೂಪ್ಲಿಕೇಟಾ? ಎಲ್ಲರೂ ಹ್ಯಾಮರ್‌ಬೀಮ್ ಅಂತಾನೇ ಬರೆಯುತ್ತಾರೆ.

ತೊಲೆ-ಜಂತಿ:
ಎಲ್ಲರೂ ಬರೆದರೆ ಭಾರ ಹೊರುವ ರೀತಿ ಬದಲಾಗಲ್ಲ. ಕೇಳಿ. ಗೋಡೆಯಿಂದ ಒಳಕ್ಕೆ ಚಾಚಿದ ಮೊಟಕು ತೊಲೆ ಇರುತ್ತದೆ. ನಿಜವಾದದ್ದರಲ್ಲಿ ಅದರ ತುದಿಯ ಮೇಲೆ ಕಂಬ ನಿಲ್ಲುತ್ತದೆ. ಕಂಬದ ಭಾರ ನೇರ ತೊಲೆ ಮೇಲೆ, ತೊಲೆ ಕೆಳಗಿನ ಕಮಾನಿನ ಮರದಿಂದ ಗೋಡೆಗೆ. ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಹ್ಯೂ ಹರ್ಲ್ಯಾಂಡ್ 1390ರ ದಶಕದಲ್ಲಿ ಮಾಡಿದ್ದು ಅದೇ. ಎಲ್ತಮ್‌ನಲ್ಲಿ ಕಂಬ ತೊಲೆಯ ಮೇಲೆ ನಿಂತಿಲ್ಲ. ತೊಲೆಯ ತುದಿಗೂ ಕಂಬದ ಪಕ್ಕಕ್ಕೂ ಕೂಡಿಸಿದ್ದಾರೆ, ಕಂಬದ ಬುಡ ಕೆತ್ತನೆಯ ಗೊಂಡೆಯಾಗಿ ಕೆಳಗೆ ನೇತಾಡುತ್ತದೆ. ನೋಡಲು ಚೆಂದ. ಭಾರದ ಲೆಕ್ಕದಲ್ಲಿ ಎಲ್ಲ ಆ ಕೂಡಿಕೆಯ ಮೇಲೆ.

ಗ್ರೀನಿಚ್ ವಾಸಿ:
"ನೋಡಲು ಚೆಂದ" ಅಂತ ಒಪ್ಪಿದಿರಲ್ಲ, ಸಾಕು ಬಿಡಿ 😀 ಮಾಡಿದವನು ರಾಜನ ಮುಖ್ಯ ಬಡಗಿ ಎಡ್ಮಂಡ್ ಗ್ರೇವ್ಲಿ. ಅವನಿಗೆ ಭಾರದ ಲೆಕ್ಕ ಹೇಳಿಕೊಡಬೇಕಿತ್ತಾ?

ತೊಲೆ-ಜಂತಿ:
ಹೇಳಿಕೊಡಬೇಕಿತ್ತು ಅನ್ನಿಸುತ್ತದೆ. 1911ರಿಂದ 1914ರವರೆಗೆ ಸರ್ಕಾರದ ಕಟ್ಟಡ ಇಲಾಖೆ ಇಡೀ ಚಾವಣಿ ಬಿಚ್ಚಿ ಒಳಗೆ ಉಕ್ಕು ಸೇರಿಸಿ ಮತ್ತೆ ಜೋಡಿಸಿತು. ಗಟ್ಟಿ ಇದ್ದಿದ್ದರೆ ಉಕ್ಕು ಯಾಕೆ?

ಹಳೇ ಇಟ್ಟಿಗೆ:
ಹಾಗಿದ್ದರೆ ನಿಮ್ಮ "ನಿಜವಾದ" ವೆಸ್ಟ್‌ಮಿನ್‌ಸ್ಟರ್‌ಗೆ 1914ರಿಂದ 1923ರವರೆಗೆ ಉಕ್ಕು ಹಾಕಿದ್ದು ಯಾಕೆ ಸ್ವಾಮಿ? ಅಲ್ಲಿ ಕಂಬ ಸರಿಯಾಗಿಯೇ ನಿಂತಿತ್ತಲ್ಲ!

ತೊಲೆ-ಜಂತಿ:
ಅಲ್ಲಿ ಹುಳ ತಿಂದಿತ್ತು. ಡೆತ್‌ವಾಚ್ ಬೀಟಲ್. ಅದಕ್ಕೂ ಕೂಡಿಕೆಗೂ ಸಂಬಂಧ ಇಲ್ಲ.

ಹಳೇ ಇಟ್ಟಿಗೆ:
ಓ, ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಆದರೆ ಹುಳದ ತಪ್ಪು, ಎಲ್ತಮ್‌ನಲ್ಲಿ ಆದರೆ ಬಡಗಿಯ ತಪ್ಪು. ಸೂಪರ್ ಗುರು.

ಮೇಷ್ಟ್ರು:
ಇಬ್ಬರೂ ಕೊಟ್ಟಿಗೆಯನ್ನು ಬಿಟ್ಟೇಬಿಟ್ಟಿರಿ. 1911ರ ಹೊತ್ತಿಗೆ ಚಾವಣಿ ಆ ಸ್ಥಿತಿಗೆ ಬಂದಿದ್ದು 200 ವರ್ಷದ ಅಸಡ್ಡೆಯಿಂದ ಅಂತ ಯಾಕೆ ಹೇಳುತ್ತಿಲ್ಲ? ಕೊಟ್ಟಿಗೆಯೇ ಕಾಪಾಡಿದ್ದರೆ 1828ರಲ್ಲಿ ಕೆಡವುವ ಮಾತು ಯಾಕೆ ಬಂತು? ಆಗ ಕಾಪಾಡಿದ್ದು ಹಳೆ ಕಟ್ಟಡಗಳ ಅಭಿಮಾನಿಗಳ ಗಲಾಟೆ. ಆಮೇಲೆ ಸರ್ಕಾರ ರಿಪೇರಿ ಮಾಡಿಸಿತು. ರೈತ ಅಲ್ಲ.

ಕಣದ ಹುಡುಗ:
ಗಲಾಟೆ ಮಾಡಲು 1828ರಲ್ಲಿ ಕಟ್ಟಡ ಇತ್ತಲ್ಲ ಮೇಷ್ಟ್ರೇ. ಚಾಪೆಲ್‌ಗೆ ಯಾಕೆ ಯಾರೂ ಗಲಾಟೆ ಮಾಡಲಿಲ್ಲ? ಉಳಿದೇ ಇರಲಿಲ್ಲ.

ಗ್ರೀನಿಚ್ ವಾಸಿ:
ಕಂದಕದ ಮೇಲಿನ 15ನೇ ಶತಮಾನದ ಕಲ್ಲಿನ ಸೇತುವೆಯೂ ಉಳಿದಿದೆ. ಅದರಲ್ಲೂ ಕಾಳು ತುಂಬಿದ್ದರಾ?

ಕಣದ ಹುಡುಗ:
ಸೇತುವೆ ಇಲ್ಲದೆ ಗಾಡಿ ಕೊಟ್ಟಿಗೆಗೆ ಹಾರಿಕೊಂಡು ಬರುತ್ತಿತ್ತಾ?

ತೊಲೆ-ಜಂತಿ:
ಮತ್ತೆ ಹೇಳುತ್ತೇನೆ, ಯಾರೂ ಓದುತ್ತಿಲ್ಲ. ಹುಳ ತಿಂದ ಮರ ಬೇರೆ, ಕೂಡಿಕೆಯ ದೌರ್ಬಲ್ಯ ಬೇರೆ. ಮೂವತ್ತಾರು ಅಡಿ ಅಗಲಕ್ಕೆ ಅಡ್ಡ ತೊಲೆಯೇ ಇಲ್ಲದೆ ಚಾವಣಿ ನಿಲ್ಲಿಸಿದರೆ ಗೋಡೆಗಳನ್ನು ಹೊರಕ್ಕೆ ತಳ್ಳುವ ಒತ್ತಡ ಇರುತ್ತದೆ. ಸ್ಕೂಲಿನ ಫಿಸಿಕ್ಸ್ ಇದು.

ಹಳೇ ಇಟ್ಟಿಗೆ:
ನಾಲ್ಕು ಶತಮಾನಕ್ಕೂ ಜಾಸ್ತಿ ನಿಂತ ಮೇಲೆ ಫಿಸಿಕ್ಸ್ ಪಾಠ. ನಿಮ್ಮ ಫಿಸಿಕ್ಸ್ ಪ್ರಕಾರ ಅದು ಯಾವ ವರ್ಷ ಬೀಳಬೇಕಿತ್ತು, ಹೇಳಿ?

ತೊಲೆ-ಜಂತಿ:
ಬೀಳಬೇಕಿತ್ತು ಅಂತ ಎಲ್ಲಿ ಹೇಳಿದೆ? ನನ್ನ ಬಾಯಿಗೆ ಮಾತು ತುರುಕಬೇಡಿ. ವಾದ ಮಾಡಲು ಬರಲ್ಲ ಅಂದರೆ ಫೋಟೋ ಹಾಕಿಕೊಂಡು ಇರಿ.

ಸುಮ್ನೆ ಓದುಗ:
ಜಗಳ ಮಾಡ್ಕೊಳ್ಳಿ, ಪರವಾಗಿಲ್ಲ. ಆದರೆ ಈಗ ಅಲ್ಲಿ ಕಾಣುವುದರಲ್ಲಿ ಎಷ್ಟು ಹಳೆಯದು? 1933ರಲ್ಲಿ ಗುತ್ತಿಗೆಗೆ ಪಡೆದ ಸ್ಟೀಫನ್, ವರ್ಜೀನಿಯಾ ಕೋರ್ಟಾಲ್ಡ್ ದಂಪತಿ ಪಕ್ಕದಲ್ಲೇ ಹೊಸ ಬಂಗಲೆ ಕಟ್ಟಿಸಿ ಹಾಲ್‌ಗೆ ಜೋಡಿಸಿದರು. ವಾದ್ಯದವರು ಕೂರುವ ಗ್ಯಾಲರಿ ಅವರ ಕಾಲದ್ದು. ಹಾಲ್‌ನಲ್ಲಿ ಪಾರ್ಟಿ ಮಾಡುತ್ತಿದ್ದರು. 1940ರಲ್ಲಿ ಬೆಂಕಿ ಬಾಂಬ್ ಬಿದ್ದು ಚಾವಣಿಗೆ ಏಟಾಯಿತು. ಕೊಟ್ಟಿಗೆ ಆಗಿದ್ದಾಗ ಇಷ್ಟು ಕಾಟ ಇರಲಿಲ್ಲ ಅನ್ನಿಸುತ್ತದೆ.

ಮೇಷ್ಟ್ರು:
"ಪಾರ್ಟಿ ಮಾಡುತ್ತಿದ್ದರು"! ರಾಜರೂ ಅದನ್ನೇ ಮಾಡುತ್ತಿದ್ದರು ಅಲ್ವಾ? ಹಾಲ್ ಕಟ್ಟಿದ್ದೇ ಅದಕ್ಕೆ. ಕೋರ್ಟಾಲ್ಡ್ ದಂಪತಿ ಅದಕ್ಕೆ ಅದರ ಕೆಲಸ ವಾಪಸ್ ಕೊಟ್ಟರು.

ಗ್ರೀನಿಚ್ ವಾಸಿ:
ವಾಪಸ್ ಕೊಟ್ಟಿದ್ದಕ್ಕೆ ಬೈಗುಳ ತಿಂದರು. ಇತಿಹಾಸಕಾರ ಜಿ. ಎಂ. ಯಂಗ್ ಹೊಸ ಬಂಗಲೆಯನ್ನು ಸಿಗರೇಟ್ ಫ್ಯಾಕ್ಟರಿಗೆ ಹೋಲಿಸಿ ಪತ್ರಿಕೆಗೆ ಬರೆದಿದ್ದರು. ರೈತರಿಗೆ ಯಾರೂ ಪತ್ರ ಬರೆಯಲಿಲ್ಲ.

ಹಳೇ ಇಟ್ಟಿಗೆ:
ಬರೆಯಲಿಲ್ಲ, ಚಿತ್ರ ಬರೆದರು. ಟರ್ನರ್‌ನಂಥವನೇ ಬಂದು ಬರೆದ. ಹೀನಾಯವಾಗಿದ್ದಿದ್ದರೆ ಬರುತ್ತಿದ್ದನಾ?

ಮೇಷ್ಟ್ರು:
ಪಾಳು ಬಿದ್ದಿದ್ದಕ್ಕೇ ಬಂದಿದ್ದು! ಆ ಕಾಲದ ಚಿತ್ರಕಾರರಿಗೆ ಪಾಳು ಕಟ್ಟಡ ಅಂದರೆ ಪ್ರಾಣ.

ತೊಲೆ-ಜಂತಿ:
"ಮೂರನೇ ಅತಿ ದೊಡ್ಡ" ಇನ್ನೂ ಹಾಗೇ ಇದೆ. ಮೇಲಿನ ಪೋಸ್ಟ್ ತಿದ್ದುತ್ತೀರಾ ಇಲ್ವಾ?

ಹಳೇ ಇಟ್ಟಿಗೆ:
ತಿದ್ದಲ್ಲ. ಕ್ರೈಸ್ಟ್ ಚರ್ಚ್, ಹ್ಯಾಂಪ್ಟನ್ ಕೋರ್ಟ್ ಎರಡೂ ಎಂಟನೇ ಹೆನ್ರಿ ಕಾಲದವು. ನಾನು ಮಾತಾಡುತ್ತಿರುವುದು ಮಧ್ಯಯುಗದ ಹಾಲ್‌ಗಳ ಬಗ್ಗೆ. ಆ ಲೆಕ್ಕದಲ್ಲಿ ಎಲ್ತಮ್ ಇನ್ನೂ ಮೇಲೆ ಹೋಗುತ್ತದೆ.

ತೊಲೆ-ಜಂತಿ:
ಮೊದಲು "ಇಂಗ್ಲೆಂಡಿನ ಮೂರನೇ", ಈಗ "ಮಧ್ಯಯುಗದ". ನಾಳೆ "ಲಂಡನ್ನಿನ ಆಗ್ನೇಯದ ಮೊದಲನೇ" ಅಂತೀರಾ. ಅದಾದರೆ ನನ್ನ ಅಭ್ಯಂತರ ಇಲ್ಲ.

ಹಳೇ ಇಟ್ಟಿಗೆ:
ನಿಮ್ಮ ಅಭ್ಯಂತರ ಯಾರು ಕೇಳಿದರು?