ಮಾಡೆಲ್ ಟಿ ಕಾರಿನ ಮರದ ಚಕ್ರಕ್ಕೆ ಬಣ್ಣ

ಪ್ರಶ್ನೆ: ನನ್ನ 1924ರ ಫೋರ್ಡ್ ಮಾಡೆಲ್ ಟಿ ಕಾರಿನ ಮರದ ಸ್ಪೋಕ್‌ಗಳ ಹಳೆಯ ಬಣ್ಣವು ಚಕ್ಕೆಚಕ್ಕೆಯಾಗಿ ಏಳುತ್ತಿದೆ. ಕಾಸ್ಟಿಕ್ ಸೋಡಾ ನೀರಿನಲ್ಲಿ ನೆನೆಸಿ ಅದನ್ನು ತೆಗೆದು, ವಾರ್ನಿಷ್ ಹಚ್ಚಬಹುದೇ?

ಉತ್ತರ 1: ಖಂಡಿತ ನೆನೆಸಬೇಡಿ ಸರ್. ಸ್ಪೋಕ್‌ಗಳನ್ನು ಮಾಡಿರುವ ಹಿಕರಿ ಎಂಬ ಗಟ್ಟಿ ಮರವು ನೀರು ಕುಡಿದು ಉಬ್ಬಿ, ಒಣಗಿದ ಮೇಲೆ ಕುಗ್ಗುವುದರಿಂದ ಸಂದುಗಳು ಸಡಿಲಗೊಳ್ಳುತ್ತವೆ. ಮೊದಲು ಚಕ್ರವನ್ನು ಜಾಕಿನಿಂದ ಎತ್ತಿ ಅಲುಗಾಡಿಸಿ ನೋಡಿ. ಕಟಕಟ ಸದ್ದು ಕೇಳಿಸಿದರೆ ಅದು ಬಣ್ಣದವರ ಕೆಲಸವಲ್ಲ, ಬಡಗಿಯ ಕೆಲಸ.

ಉತ್ತರ 2: ಹಳೆಯ ಬಣ್ಣದಲ್ಲಿ ಸೀಸವಿರಬಹುದಾದ್ದರಿಂದ ಒಣದೂಳು ಎಬ್ಬಿಸದೆ, ಬಣ್ಣ ಕೀಳುವ ಜೆಲ್ ರಿಮೂವರ್ ಹಚ್ಚಿ ಹೆರೆಯಿರಿ. ಬಳಿಕ 120, ನಂತರ 180 ಗ್ರಿಟ್‌ನ (ನುಣುಪಿನ ಅಂಕಿ) ಉಪ್ಪುಕಾಗದದಿಂದ ಮರದ ಎಳೆಯ ಜಾಡಿನಲ್ಲೇ ಉಜ್ಜಿ, ಮೊದಲ ಕೋಟ್ ಪ್ರೈಮರನ್ನು ತುಸು ತೆಳುವಾಗಿಸಿ ಹಚ್ಚಿದರೆ ಮರ ಅದನ್ನು ಹೀರಿಕೊಳ್ಳುತ್ತದೆ. ಬಿರುಕಿಗೆ ಪುಟ್ಟಿ ತುಂಬಬೇಡಿ; ಭಾರ ಹೊರುವ ಸ್ಪೋಕ್ ಬಿರಿದಿದ್ದರೆ ಬದಲಿಸಲೇಬೇಕು.

ಉತ್ತರ 3: ವಾರ್ನಿಷ್ ಚೆಂದವೇ, ಆದರೆ 1914ರಿಂದ 1925ರವರೆಗೆ ಫೋರ್ಡ್ ಈ ಕಾರನ್ನು ಕಪ್ಪು ಬಣ್ಣದಲ್ಲಷ್ಟೇ ಮಾರುತ್ತಿದ್ದ ಕಾರಣ, ಮೂಲರೂಪ ಬೇಕಿದ್ದರೆ ಕಪ್ಪು ಎನಾಮೆಲ್ಲೇ ಸರಿ.